ಜನರಲ್ ದೆಕಾಂ (1769–1832)

ಶಾರ್ಲ್ ಮಾತ್ಯೂ ಇಸಿದೋರ್ ದೆಕಾಂ ನೆಪೋಲಿಯನ್ ಕಾಲದ ಫ್ರೆಂಚ್ ಸೇನಾನಿ. 1803ರಿಂದ 1810ರವರೆಗೆ ಈಗಿನ ಮಾರಿಷಸ್, ಅಂದರೆ ಅಂದಿನ ಇಲ್ ದ ಫ್ರಾನ್ಸ್ ದ್ವೀಪವನ್ನು ಕೇಂದ್ರವಾಗಿಟ್ಟುಕೊಂಡು ಹಿಂದೂ ಮಹಾಸಾಗರದ ಫ್ರೆಂಚ್ ನೆಲೆಗಳನ್ನು ಆಳಿದವನು. ಚರಿತ್ರೆಯ ಪುಸ್ತಕಗಳಲ್ಲಿ ಇವನ ಹೆಸರು ಸಾಮಾನ್ಯವಾಗಿ ಎರಡೇ ಕಡೆ ಕಣ್ಣಿಗೆ ಬೀಳುತ್ತದೆ. ಭಾರತಕ್ಕೆಂದು ಹೊರಟು ಬರಿಗೈಯಲ್ಲಿ ತಿರುಗಿದವನು ಎಂದು ಒಂದೆಡೆ, ಆಸ್ಟ್ರೇಲಿಯದ ಕರಾವಳಿಯ ನಕ್ಷೆ ಬರೆದ ಮ್ಯಾಥ್ಯೂ ಫ್ಲಿಂಡರ್ಸನನ್ನು ಆರೂವರೆ ವರ್ಷ ಹಿಡಿದಿಟ್ಟವನು ಎಂದು ಇನ್ನೊಂದೆಡೆ. ಮೊದಲನೆಯ ತೀರ್ಪು ತಪ್ಪು; ಎರಡನೆಯದು ನಿಜವಾದರೂ ಅವನ ಮೇಲಿನ ದೊಡ್ಡ ಆರೋಪ ಅದಲ್ಲ. ದೆಕಾಂನನ್ನು ಅಳೆಯಬೇಕಾದದ್ದು ಅವನ ಕೈಗೆ ಕೊಟ್ಟ ಕೆಲಸದಿಂದ ಮತ್ತು ಆ ಕೆಲಸಕ್ಕೆ ಕೊಟ್ಟ ಬಲದಿಂದ. ಹಾಗೆ ಅಳೆದಾಗ ಸೋತ ದಂಡನಾಯಕನ ಜಾಗದಲ್ಲಿ ಸಮರ್ಥನಾದ, ಅಷ್ಟೇ ಕಠೋರನಾದ ಒಬ್ಬ ಆಡಳಿತಗಾರ ಕಾಣುತ್ತಾನೆ.

ನಾರ್ಮಂಡಿಯ ಕಾಂ ನಗರದಲ್ಲಿ 1769ರ ಏಪ್ರಿಲ್ 13ರಂದು ಹುಟ್ಟಿದ ದೆಕಾಂ ಬೊನಾಪಾರ್ಟೆಗಿಂತ ನಾಲ್ಕು ತಿಂಗಳು ದೊಡ್ಡವನು. ಮೊದಲು ನೌಕಾಪಡೆಯ ಫಿರಂಗಿದಳ ಸೇರಿ, ಅದನ್ನು ಬಿಟ್ಟು ಕಾನೂನು ಓದತೊಡಗಿದ್ದವನನ್ನು 1792ರ ಯುದ್ಧ ಮತ್ತೆ ಸೈನ್ಯಕ್ಕೆ ಎಳೆಯಿತು. ಮೈಂಟ್ಸ್ ನಗರದ ಮುತ್ತಿಗೆ, ವಾಂದೇ ಪ್ರಾಂತದ ದಂಗೆ, ರೈನ್ ದಂಡೆಯ ಕೇಲ್ ಕೋಟೆಯ ರಕ್ಷಣೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ. 1800ರ ಡಿಸೆಂಬರ್ 3ರಂದು ಹೋಹೆನ್‌ಲಿಂಡನ್ ಕಾಡಿನಲ್ಲಿ ರೈನ್ ಸೈನ್ಯದ ನಾಯಕ ಮೊರೊ ಆಸ್ಟ್ರಿಯನ್ನರನ್ನು ಮುರಿದಾಗ, ರಿಶ್‌ಪಾನ್ಸನ ಪಡೆಯ ಬೆನ್ನಿಗೆ ನಿಂತು ಶತ್ರುವಿನ ಪಕ್ಕೆಗೆ ಹೊಡೆದ ಡಿವಿಷನ್ ದೆಕಾಂನದು. ಈ ಗೆಲುವು ಮುಂದೆ ಅವನಿಗೆ ಕೊಂಚ ಇಕ್ಕಟ್ಟನ್ನೂ ತಂದಿಟ್ಟಿತು. ಮೊರೊ ಬೊನಾಪಾರ್ಟೆಯ ಪ್ರತಿಸ್ಪರ್ಧಿ. 1804ರಲ್ಲಿ ವಿಚಾರಣೆಗೊಳಗಾಗಿ ದೇಶಭ್ರಷ್ಟನಾದವನು. ರೈನ್ ಸೈನ್ಯದ ದಳಗಳು ಸಮುದ್ರದಾಚೆಗೆ ಹೋದದ್ದನ್ನೂ ರಿಶ್‌ಪಾನ್ಸ್ ಗ್ವಾಡೆಲೂಪಿಗೆ ಹೋಗಿ ಅಲ್ಲೇ ಜ್ವರದಲ್ಲಿ ಸತ್ತದ್ದನ್ನೂ ಒಟ್ಟಿಗೆ ನೋಡಿದವರಿಗೆ, ದೆಕಾಂನನ್ನೂ ಹಾಗೆಯೇ ಸಾಗಹಾಕಿದರು ಎಂದು ಅನ್ನಿಸುವುದು ಸಹಜ. ಆದರೆ ಅವನ ಸ್ವಂತ ನೆನಪುಗಳ ಪ್ರಕಾರ ಭಾರತವನ್ನು ಕೇಳಿ ಪಡೆದವನು ಅವನೇ. ಇಂಗ್ಲಿಷರ ಮೇಲಿನ ಅವನ ದ್ವೇಷ ಬೊನಾಪಾರ್ಟೆಗೆ ಮೆಚ್ಚಿಗೆಯಾಗಿತ್ತು.

ಇಂಗ್ಲಿಷರೊಂದಿಗೆ ಮಾಡಿಕೊಂಡ ಆಮ್ಯಾಂ ಶಾಂತಿ ಒಪ್ಪಂದದ ಪ್ರಕಾರ ಪುದುಚೇರಿ ಫ್ರಾನ್ಸಿಗೆ ಮರಳಬೇಕಿತ್ತು. ಅದನ್ನು ವಹಿಸಿಕೊಳ್ಳಲು 1803ರ ಮಾರ್ಚ್‌ನಲ್ಲಿ ದೆಕಾಂ ಅಡ್ಮಿರಲ್ ಲಿನ್ವಾನ ಹಡಗುಗಳಲ್ಲಿ ಬ್ರೆಸ್ಟ್ ಬಂದರು ಬಿಟ್ಟ. ಅವನ ಜೊತೆಗಿದ್ದ ಸೈನಿಕರ ಲೆಕ್ಕ ಎರಡು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಭಾರತವನ್ನು ಗೆಲ್ಲಲು ಹೊರಟವನು ಎನ್ನುವವರು ಈ ಸಂಖ್ಯೆಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಅದೇ ವರ್ಷದ ಜನವರಿಯಲ್ಲಿ ಬೊನಾಪಾರ್ಟೆ ಅವನಿಗೆ ಕೊಟ್ಟ ಸೂಚನೆಗಳಲ್ಲೂ ದಂಡಯಾತ್ರೆಯ ಆಜ್ಞೆ ಇರಲಿಲ್ಲ. ಇಂಗ್ಲಿಷರಿಗೆ ಸಂಶಯ ಬಾರದಂತೆ ನಡೆದುಕೊಳ್ಳಬೇಕು, ನಾಡನ್ನೂ ಅರಸರನ್ನೂ ತಿಳಿದುಕೊಳ್ಳಬೇಕು, ಯುದ್ಧ ಬಂದರೆ ಏನು ಮಾಡಬಹುದೆಂದು ವರದಿ ಕಳಿಸಬೇಕು. ಕೀರ್ತಿಯ ಮಾತು ಆ ಪತ್ರದಲ್ಲಿತ್ತು ನಿಜ. ಕೀರ್ತಿಗೆ ಬೇಕಾದ ಸೈನ್ಯ ಹಡಗಿನಲ್ಲಿ ಇರಲಿಲ್ಲ. ಜುಲೈನಲ್ಲಿ ಹಡಗುಗಳು ಪುದುಚೇರಿ ತಲುಪಿದಾಗ ಇಂಗ್ಲಿಷರು ಊರನ್ನು ಬಿಟ್ಟುಕೊಡಲಿಲ್ಲ. ಅದರ ಬೆನ್ನಿಗೇ ಫ್ರಾನ್ಸಿನಿಂದ ಬಂದ ಹಡಗೊಂದು, ಯುದ್ಧ ಮತ್ತೆ ಶುರುವಾಗುವ ಸೂಚನೆ ಇದ್ದುದರಿಂದ, ಇಲ್ ದ ಫ್ರಾನ್ಸಿಗೆ ಹೊರಡಿ ಎಂಬ ಆದೇಶ ತಂದಿತು. ಲಿನ್ವಾ ರಾತ್ರೋರಾತ್ರಿ ಲಂಗರು ಕಿತ್ತ. ಮುಂಚೆಯೇ ದಡ ಸೇರಿದ್ದ ಒಂದು ತುಕಡಿ ಇಂಗ್ಲಿಷರ ಸೆರೆಯಾಯಿತು.

ಹೆಚ್ಚು ದಿಟ್ಟತನ ತೋರಿಸಿದ್ದರೆ ಭಾರತದ ಅರಸರ ನೆರವು ಸಿಗುತ್ತಿತ್ತು ಎಂಬ ಆಕ್ಷೇಪವೂ ಉಂಟು. ದಿನಾಂಕಗಳೇ ಇದಕ್ಕೆ ಉತ್ತರ. ಫ್ರೆಂಚರತ್ತ ಕೈಚಾಚಿದ್ದ ದೊಡ್ಡ ಅರಸ ಟಿಪ್ಪು. ಅವನ ರಾಯಭಾರಿಗಳು ಇದೇ ಇಲ್ ದ ಫ್ರಾನ್ಸಿಗೆ ಬಂದಾಗ ಗವರ್ನರ್ ಮಾಲಾರ್ತಿಕ್ 1798ರ ಜನವರಿ 30ರಂದು ಮೈಸೂರಿಗೆ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿಯೇ ಪ್ರಕಟಣೆ ಹೊರಡಿಸಿಬಿಟ್ಟ. ಗುಟ್ಟಾಗಿ ನಡೆಯಬೇಕಿದ್ದ ಕೆಲಸ ಕಲ್ಕತ್ತದ ಪತ್ರಿಕೆಗೆ ಸುದ್ದಿಯಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಸಿಕ್ಕಿತು. ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಒಂದು ದ್ವೀಪದ ಬಡಾಯಿಗೆ ಒಂದು ರಾಜ್ಯ ಇಷ್ಟು ಬೆಲೆ ತೆತ್ತದ್ದು ಅಪರೂಪ. ದೆಕಾಂ ಬರುವ ಹೊತ್ತಿಗೆ ಉಳಿದಿದ್ದ ಆಸೆ ಮರಾಠರು. ಪೇಶ್ವೆ 1802ರ ಕೊನೆಯ ದಿನವೇ ಬಸ್ಸೇನ್ ಒಪ್ಪಂದಕ್ಕೆ ಸಹಿ ಹಾಕಿ ಇಂಗ್ಲಿಷರ ಆಸರೆ ಪಡೆದಿದ್ದ. ದೆಕಾಂ ದ್ವೀಪದಲ್ಲಿ ಕಾಲೂರಿದ ಮರುತಿಂಗಳು, 1803ರ ಸೆಪ್ಟೆಂಬರ್‌ನಲ್ಲಿ, ಮರಾಠ ಅರಸ ಸಿಂಧಿಯಾನ ಸೈನ್ಯ ದೆಹಲಿಯಲ್ಲೂ ಅಸ್ಸಾಯೆಯಲ್ಲೂ ಸೋತಿತು. ಅವನ ಫ್ರೆಂಚ್ ದಂಡನಾಯಕ ಪೆರೋಂ ಇಂಗ್ಲಿಷರ ರಕ್ಷಣೆ ಬೇಡಿ ಹೊರಟುಹೋದ. ಪುದುಚೇರಿಯಲ್ಲಿ ದೆಕಾಂ ಇಳಿದಿದ್ದರೂ ಅವನ ಜೊತೆ ನಿಲ್ಲುವ ಅರಸ ಆ ವರ್ಷ ಯಾರೂ ಇರಲಿಲ್ಲ.

ಹೀಗಾಗಿ ಅವನ ನಿಜವಾದ ವೃತ್ತಿಜೀವನ ಪೋರ್ಟ್ ಲೂಯಿಯಲ್ಲಿ ಆರಂಭವಾಗುತ್ತದೆ. ಆ ದ್ವೀಪ ತನ್ನ ಅನ್ನವನ್ನು ತಾನು ಬೆಳೆದುಕೊಳ್ಳುತ್ತಿರಲಿಲ್ಲ. ಫ್ರಾನ್ಸಿನಿಂದ ಹಣವೂ ಸರಿಯಾಗಿ ಬರುತ್ತಿರಲಿಲ್ಲ. ಅದು ಬದುಕಿದ್ದು ಶತ್ರುವಿನ ಹಡಗುಗಳ ಮೇಲೆ. ಸುರ್ಕೂಫನಂಥ ಪರವಾನಗಿ ಪಡೆದ ಖಾಸಗಿ ದಾಳಿಕೋರರೂ ಸರ್ಕಾರಿ ಯುದ್ಧನೌಕೆಗಳೂ ಬಂಗಾಳ ಕೊಲ್ಲಿಯಿಂದ ಹಿಡಿದು ತರುತ್ತಿದ್ದ ಸರಕು ಪೋರ್ಟ್ ಲೂಯಿಯಲ್ಲಿ ಹರಾಜಾಗುತ್ತಿತ್ತು. ಯಾರ ಪಕ್ಷಕ್ಕೂ ಸೇರದ ಅಮೆರಿಕನ್ ವರ್ತಕರು ಅದನ್ನು ಕೊಂಡು, ಬೇಕಾದ ಸಾಮಾನು ಇಳಿಸಿ ಹೋಗುತ್ತಿದ್ದರು. ಲೂಟಿಯಿಂದ ಖಜಾನೆ, ಖಜಾನೆಯಿಂದ ಕೋಟೆ, ಕೋಟೆಯ ಆಸರೆಯಲ್ಲಿ ಮತ್ತೆ ಲೂಟಿ: ಈ ಚಕ್ರವನ್ನು ಏಳು ವರ್ಷ ನಿಲ್ಲದಂತೆ ತಿರುಗಿಸಿದ್ದೇ ದೆಕಾಂನ ಸಾಧನೆ. ಚಕ್ರಕ್ಕೆ ಮೊದಲ ಪೆಟ್ಟು ಕೊಟ್ಟವನು ಅವನ ಜೊತೆಗಾರನೇ. 1804ರ ಫೆಬ್ರವರಿಯಲ್ಲಿ ಪುಲೋ ಔರಾ ಬಳಿ ಚೀನಾದಿಂದ ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಸರಕು ಹಡಗುಗಳ ಭಾರಿ ಸಾಲು ಲಿನ್ವಾನ ಎದುರಿಗೇ ಸಿಕ್ಕಿತು. ಕಾವಲಿಗೆ ಒಂದೂ ಯುದ್ಧನೌಕೆ ಇಲ್ಲದಿದ್ದರೂ ಅದರ ನಾಯಕ ಡ್ಯಾನ್ಸ್ ಇರುವಂತೆ ನಟಿಸಿದ. ಲಿನ್ವಾ ನಂಬಿ ಹಿಂದೆ ಸರಿದ. ದೆಕಾಂ ಅದನ್ನು ಕ್ಷಮಿಸಲಿಲ್ಲ. ಇಬ್ಬರ ಜಗಳಕ್ಕೆ ದೆಕಾಂನ ಮುಂಗೋಪವೂ ಕಾರಣ ಎನ್ನುವುದು ಸರಿ. ಆದರೆ ಆ ದಿನದ ಲೆಕ್ಕದಲ್ಲಿ ಅವನ ಕೋಪಕ್ಕೆ ಆಧಾರವಿತ್ತು.

ಫ್ಲಿಂಡರ್ಸ್ ಪ್ರಕರಣದಲ್ಲಿ ಅಷ್ಟು ಸುಲಭವಾಗಿ ಅವನ ಪರ ವಾದಿಸಲಾಗದು. 1803ರ ಡಿಸೆಂಬರ್‌ನಲ್ಲಿ ಸೋರುತ್ತಿದ್ದ ಪುಟ್ಟ ಹಡಗು ಕಂಬರ್ಲೆಂಡಿನಲ್ಲಿ ಫ್ಲಿಂಡರ್ಸ್ ಇಲ್ ದ ಫ್ರಾನ್ಸಿಗೆ ಬಂದ. ಅವನ ಕೈಯಲ್ಲಿದ್ದ ಫ್ರೆಂಚ್ ರಹದಾರಿ ಇನ್ವೆಸ್ಟಿಗೇಟರ್ ಎಂಬ ಬೇರೆ ಹಡಗಿನ ಹೆಸರಿನಲ್ಲಿತ್ತು. ಜೊತೆಗೆ ನ್ಯೂ ಸೌತ್ ವೇಲ್ಸಿನ ಗವರ್ನರ್ ಕಿಂಗ್ ಕಳಿಸಿದ್ದ ಸರ್ಕಾರಿ ಪತ್ರಗಳಿದ್ದವು. ವಿಜ್ಞಾನದ ಯಾನಕ್ಕೆ ಕೊಟ್ಟ ರಹದಾರಿಯಲ್ಲಿ ಯುದ್ಧಕಾಲದ ಸರ್ಕಾರಿ ಟಪಾಲು ಸಾಗಿಸುವುದು ಸಲ್ಲದ ಕೆಲಸ. ಫ್ರೆಂಚ್ ನಾವಿಕ ಬೋದ್ಯಾಂನ ಆಸ್ಟ್ರೇಲಿಯ ಯಾನದಿಂದ ಮರಳಿದ್ದ ವಿಜ್ಞಾನಿ ಪೆರೋನ್ ಕೆಲವೇ ದಿನ ಮುಂಚೆ, ಪೋರ್ಟ್ ಜಾಕ್ಸನ್ನಿನಲ್ಲಿ ಇಂಗ್ಲಿಷರ ಹುನ್ನಾರಗಳ ಬಗ್ಗೆ ದೆಕಾಂಗೆ ದೀರ್ಘ ವರದಿ ಬರೆದುಕೊಟ್ಟಿದ್ದ. ಇಷ್ಟರಮೇಲೆ ಫ್ಲಿಂಡರ್ಸ್ ದೆಕಾಂ ಮನೆಯ ಊಟದ ಆಹ್ವಾನವನ್ನು ತಿರಸ್ಕರಿಸಿದ. ಮೊದಲ ಬಂಧನಕ್ಕೆ ಇವು ಸಾಕು. ಆದರೆ 1806ರಲ್ಲಿ ಪ್ಯಾರಿಸ್ ಬಿಡುಗಡೆಗೆ ಒಪ್ಪಿದ ಆದೇಶ ಮರುವರ್ಷ ಕೈಸೇರಿದ ಮೇಲೂ ಅವನನ್ನು 1810ರ ಜೂನ್‌ವರೆಗೆ ಬಿಡದಿದ್ದುದಕ್ಕೆ ಇವು ಸಾಲವು. ಅಷ್ಟರಲ್ಲಿ ಫ್ಲಿಂಡರ್ಸ್ ದ್ವೀಪದ ಒಳಹೊರಗನ್ನೆಲ್ಲ ಬಲ್ಲವನಾಗಿದ್ದ. ರಕ್ಷಣೆಯಿಲ್ಲದ ದ್ವೀಪದ ಗುಟ್ಟು ಬಯಲಾದೀತೆಂಬ ಭಯ ದೆಕಾಂಗೆ ಇದ್ದಿರಬೇಕು. ಕಾರಣ ಅರ್ಥವಾಗುತ್ತದೆ, ನ್ಯಾಯವಾಗುವುದಿಲ್ಲ.

ಇನ್ನೂ ಭಾರವಾದ ಆರೋಪ ಬೇರೆ ಇದೆ. ಯುರೋಪಿನ ಓದುಗರು ಒಬ್ಬ ನಾವಿಕನ ಸೆರೆಯನ್ನು ನೆನೆದಷ್ಟು ಅದನ್ನು ನೆನೆಯಲಿಲ್ಲ. ಆಗ ದ್ವೀಪದಲ್ಲಿದ್ದ ಸುಮಾರು 78 ಸಾವಿರ ಜನರಲ್ಲಿ 65 ಸಾವಿರ ಮಂದಿ ಗುಲಾಮರು. ಕ್ರಾಂತಿಕಾರಿ ಸರ್ಕಾರ ಗುಲಾಮಗಿರಿ ರದ್ದುಮಾಡಲೆಂದು 1796ರಲ್ಲಿ ಕಳಿಸಿದ ಕಮಿಷನರ್‌ಗಳನ್ನು ಅಲ್ಲಿನ ಬಿಳಿಯ ಜಮೀನುದಾರರು ಹಡಗು ಹತ್ತಿಸಿ ಓಡಿಸಿದ್ದರು. 1802ರ ಮೇ ತಿಂಗಳ ಕಾನೂನಿನಿಂದ ಬೊನಾಪಾರ್ಟೆ ಆ ಜಮೀನುದಾರರ ಮಾತನ್ನೇ ಗೆಲ್ಲಿಸಿದ. ದೆಕಾಂ ಅವರ ವಸಾಹತು ಸಭೆಯನ್ನು ವಿಸರ್ಜಿಸಿದ, ಆದರೆ ಅವರ ಸ್ವತ್ತನ್ನು ಮುಟ್ಟಲಿಲ್ಲ. ನೆಪೋಲಿಯನ್ನನ ನಾಗರಿಕ ಸಂಹಿತೆಯನ್ನು ತಂದು ಜಾರಿಗೊಳಿಸಿದಾಗ ಬಣ್ಣದ ಭೇದ ಉಳಿಯುವಂತೆ ಅದಕ್ಕೆ ಸ್ಥಳೀಯ ನಿಯಮಗಳ ತೇಪೆ ಹಚ್ಚಿದ. ಅವನೊಬ್ಬ ಆಜ್ಞಾಪಾಲಕ ಅಷ್ಟೇ ಎನ್ನಬಹುದು. ಆದರೆ ಫ್ಲಿಂಡರ್ಸನ ವಿಷಯದಲ್ಲಿ ಪ್ಯಾರಿಸ್ಸಿನ ಆಜ್ಞೆಯನ್ನು ಮೂರು ವರ್ಷ ಪಕ್ಕಕ್ಕಿಡಲು ಬಲ್ಲವನಿಗೆ ಈ ಸಮಜಾಯಿಷಿ ಪೂರ್ತಿ ಒಪ್ಪುವುದಿಲ್ಲ.

1809ರಲ್ಲಿ ಕಂಪನಿಯ ದೊಡ್ಡ ಹಡಗುಗಳು ಒಂದರ ಹಿಂದೊಂದು ಕೈತಪ್ಪಿದಾಗ ಗವರ್ನರ್ ಜನರಲ್ ಮಿಂಟೋ ದ್ವೀಪಗಳನ್ನೇ ಹಿಡಿಯಲು ತೀರ್ಮಾನಿಸಿದ. 1810ರ ಜುಲೈನಲ್ಲಿ ನೆರೆಯ ಫ್ರೆಂಚ್ ದ್ವೀಪ ರೆಯೂನಿಯನ್ ಇಂಗ್ಲಿಷರ ಕೈಗೆ ಹೋಯಿತು. ಆಗಸ್ಟ್‌ನಲ್ಲಿ ಗ್ರಾಂಡ್ ಪೋರ್ಟ್ ಕೊಲ್ಲಿಯಲ್ಲಿ ಫ್ರೆಂಚ್ ನೌಕಾನಾಯಕ ದುಪೆರೆಯ ಹಡಗುಗಳು ನಾಲ್ಕು ಬ್ರಿಟಿಷ್ ಫ್ರಿಗೇಟುಗಳನ್ನು ಸೋಲಿಸಿದವು. ಪ್ಯಾರಿಸ್ಸಿನ ವಿಜಯ ಕಮಾನಿನ ಮೇಲೆ ಕೆತ್ತಿರುವ ನೌಕಾವಿಜಯ ಇದೊಂದೇ. ಅದು ಮೂರು ತಿಂಗಳ ಬಿಡುವು ಕೊಟ್ಟಿತು, ಅಷ್ಟೇ. ನವೆಂಬರ್ 29ರಂದು ಮದ್ರಾಸ್, ಮುಂಬಯಿ, ಬಂಗಾಳಗಳ ಸಿಪಾಯಿಗಳೂ ಸೇರಿದ್ದ ಸುಮಾರು ಹತ್ತು ಸಾವಿರದ ಸೈನ್ಯ ಗ್ರಾಂಡ್ ಬೇಯಲ್ಲಿ ಇಳಿಯಿತು. ದೆಕಾಂ ಬಳಿ ಇದ್ದ ತರಬೇತಿ ಪಡೆದ ಸೈನಿಕರು 1,300ರಷ್ಟು. ನಾಲ್ಕೇ ದಿನಕ್ಕೆ, ಹೋಹೆನ್‌ಲಿಂಡನ್ ಯುದ್ಧಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಅವನು ಶರಣಾದ. ಕೊನೆಯ ಗುಂಡಿನವರೆಗೆ ಕಾದಾಡಬೇಕಿತ್ತು ಎನ್ನುವವರು ಅವನು ಪಡೆದ ಷರತ್ತುಗಳನ್ನು ನೋಡಬೇಕು. ಫ್ರೆಂಚ್ ಸೈನಿಕರು ಕೈದಿಗಳಾಗಲಿಲ್ಲ. ಬ್ರಿಟಿಷರ ಖರ್ಚಿನಲ್ಲೇ ಫ್ರಾನ್ಸಿಗೆ ಮರಳಿದರು. ನಿವಾಸಿಗಳ ಧರ್ಮ, ಕಾನೂನು, ಕಟ್ಟಳೆ, ಸ್ವತ್ತು ಉಳಿದವು. ನೆಪೋಲಿಯನ್ ಕೂಡ ಅವನನ್ನು ದೂರವಿಡದೆ 1811ರಲ್ಲಿ ಕೆಟಲೋನಿಯದ ಸೈನ್ಯದ ಹೊಣೆ ಕೊಟ್ಟ, ಮುಂದೆ ಕೌಂಟ್ ಪದವಿಯನ್ನೂ ಕೊಟ್ಟ. 1815ರಲ್ಲಿ ಚಕ್ರವರ್ತಿ ಎಲ್ಬಾದಿಂದ ಮರಳಿದಾಗ ಅವನ ಪಕ್ಷ ಸೇರಿದ ತಪ್ಪಿಗೆ ದೆಕಾಂ ಸೆರೆಮನೆ ಕಂಡ. 1832ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.

ದ್ವೀಪದಲ್ಲಿ ಅವನ ಶರಣಾಗತಿಯ ಷರತ್ತುಗಳು ಅವನಿಗಿಂತ ಹೆಚ್ಚು ಕಾಲ ಬಾಳಿದವು. ಬ್ರಿಟಿಷರು ಆಳಿದರೂ ನ್ಯಾಯಾಲಯದಲ್ಲಿ ಫ್ರೆಂಚ್ ಸಂಹಿತೆ ಉಳಿಯಿತು, ಮಾರಿಷಸ್ಸಿನ ಕಾನೂನಿನಲ್ಲಿ ಇಂದಿಗೂ ಇದೆ. ಜಮೀನುದಾರರ ಸ್ವತ್ತು ಎಂಬ ಮಾತಿನೊಳಗೆ ಗುಲಾಮರೂ ಸೇರಿದ್ದರು. ಅವರ ಬಿಡುಗಡೆಗೆ 1835 ಬರಬೇಕಾಯಿತು. ಆ ಹೊತ್ತಿಗೆ ಅವರ ಜಾಗದಲ್ಲಿ ಕಬ್ಬು ಕಡಿಯಲು ಭಾರತದ ಕೂಲಿಗಳನ್ನು ಹೊತ್ತ ಹಡಗುಗಳು ಪೋರ್ಟ್ ಲೂಯಿಗೆ ಬರತೊಡಗಿದ್ದವು.