ಊರಿನ ಸೇವಾಸಂಸ್ಥೆಗೆ ಹೊರದೇಶದ ನೆರವು: ಹಣ ಕಳಿಸುವ ಮೊದಲು ತಿಳಿದಿರಬೇಕಾದ್ದು



ಊರಿನ ಶಾಲೆಗೋ ಆಸ್ಪತ್ರೆಗೋ ನೆರವಾಗಬೇಕೆಂಬ ಆಸೆ ನಮ್ಮೆಲ್ಲರಿಗೂ ಇದೆ. ಅಲ್ಲಿನ ಸ್ವಯಂಸೇವಾ ಸಂಸ್ಥೆಗಳೂ ‘ಹೊರದೇಶದ ನೆರವು ಪಡೆಯುವುದು ಹೇಗೆ?’ ಎಂದು ಕೇಳುತ್ತಿರುತ್ತವೆ. ಕೊಡುವವರು ದೊಡ್ಡ ಪ್ರತಿಷ್ಠಾನವಾಗಲಿ, ನಮ್ಮಂಥ ಸಂಘವಾಗಲಿ, ಭಾರತದಲ್ಲಿ ಅನ್ವಯಿಸುವುದು ಒಂದೇ ಕಾನೂನು: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ. 1976ರ ಕಾಯ್ದೆಯ ಬದಲಿಗೆ 2010ರಲ್ಲಿ ಹೊಸದು ಬಂತು. 2020ರ ತಿದ್ದುಪಡಿಯಿಂದ ಅದು ಇನ್ನಷ್ಟು ಬಿಗಿಯಾಯಿತು.

ಯಾರ ಹಣ ‘ವಿದೇಶಿ’?

ನಾವೆಲ್ಲಿ ವಾಸಿಸುತ್ತೇವೆ ಎಂಬುದಲ್ಲ, ಯಾವ ದೇಶದ ಪೌರರು ಎಂಬುದು ಮುಖ್ಯ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ, ಅವರ ಬಳಿ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಹಾಗಾಗಿ ಒಂದೇ ಮನೆಯಲ್ಲಿ ಗಂಡನ ಹಣಕ್ಕೆ ಒಂದು ನಿಯಮ, ಹೆಂಡತಿಯ ಹಣಕ್ಕೆ ಇನ್ನೊಂದು ಆಗಬಹುದು! ಇಲ್ಲಿ ನೋಂದಾಯಿತವಾದ ಸಂಘದ ಹಣವೂ ವಿದೇಶಿಯೇ. ವಿಶ್ವಸಂಸ್ಥೆ, ವಿಶ್ವಬ್ಯಾಂಕ್ ಮುಂತಾದವುಗಳಿಗೆ ಮಾತ್ರ ವಿನಾಯಿತಿ ಇದೆ.

ಸಂಸ್ಥೆಗಳಿಗಿರುವ ಎರಡು ದಾರಿಗಳು

1. ನೋಂದಣಿ: ಸಂಸ್ಥೆಗೆ ಕನಿಷ್ಠ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಗಳಿಗೆ ಒಟ್ಟು 15 ಲಕ್ಷ ರೂಪಾಯಿಯಾದರೂ ಖರ್ಚು ಮಾಡಿರಬೇಕು. ಕೇಂದ್ರ ಗೃಹ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ಎಫ್‌ಸಿ-3ಎ ಅರ್ಜಿ ಸಲ್ಲಿಸಬೇಕು. ನೋಂದಣಿ ಐದು ವರ್ಷಕ್ಕೆ, ಆಮೇಲೆ ನವೀಕರಿಸಬೇಕು.

2. ಪೂರ್ವಾನುಮತಿ: ಹೊಸ ಸಂಸ್ಥೆಗಳಿಗೆ ಇದು ಅನುಕೂಲ. ಇಂಥ ದಾನಿಯಿಂದ, ಇಷ್ಟು ಮೊತ್ತ, ಇಂಥ ಕೆಲಸಕ್ಕೆ ಎಂದು ನಿರ್ದಿಷ್ಟವಾಗಿ ಎಫ್‌ಸಿ-3ಬಿ ಅರ್ಜಿಯಲ್ಲಿ ಕೇಳಬೇಕು. ಜೊತೆಗೆ ದಾನಿಯ ಒಪ್ಪಿಗೆ ಪತ್ರ ಬೇಕು. ಆ ಪತ್ರ ಬರೆದುಕೊಡುವುದು ನಮ್ಮ ಕೆಲಸ.

ನೆನಪಿಡಬೇಕಾದ ನಿಯಮಗಳು

* ಹಣ ಮೊದಲು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಸಂಸ್ಥೆಯ ಎಫ್‌ಸಿಆರ್‌ಎ ಖಾತೆಗೇ ಬರಬೇಕು.
* ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ.
* ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಎಫ್‌ಸಿ-4 ಲೆಕ್ಕಪತ್ರ ಸಲ್ಲಿಸಬೇಕು.
* ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ‘ಪರಿಚಯದ ದೊಡ್ಡ ಟ್ರಸ್ಟಿಗೆ ಕಳಿಸೋಣ, ಅವರು ನಮ್ಮೂರಿಗೆ ಕೊಡಲಿ’ ಎಂಬ ಹಳೆಯ ದಾರಿ 2020ರಲ್ಲೇ ಮುಚ್ಚಿದೆ.

ಕಾಯ್ದೆ ಮೀರಿದರೆ ಐದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಅದನ್ನು ಅನುಭವಿಸಬೇಕಾಗುವುದು ಹಣ ಪಡೆದ ಊರಿನವರು! ಆದ್ದರಿಂದ ಕಳಿಸುವ ಮೊದಲು ಸಂಸ್ಥೆಯ ನೋಂದಣಿ ಸಂಖ್ಯೆ ಮತ್ತು ಅದರ ಅವಧಿಯನ್ನು ಕೇಳಿ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಅವರಿಗೆ ತಿಳಿಸಿ.

ಹನಿ ಹನಿ ಕೂಡಿದರೆ ಹಳ್ಳ. ನಮ್ಮ ಹನಿಗಳು ಸರಿಯಾದ ಕಾಲುವೆಯಲ್ಲೇ ಹರಿದು ಊರು ಸೇರಲಿ ಎಂಬುದು ನಮ್ಮ ಕಳಕಳಿ.