ಭೂಮಿಯ ಹಕ್ಕು ಮತ್ತು ಕಾಲದ ಮಿತಿ: ಬಳ್ಳಾರಿ ಸೀಮೆಯಿಂದ ಒಂದು ಅವಲೋಕನ

ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ, ಹೊಲವನ್ನು ಕೊಂಡವನಿಗೆ ದೊರೆಯುವುದು ಜೂಬಿಲಿ ಸಂವತ್ಸರದವರೆಗಿನ ಬೆಳೆ ಮಾತ್ರ. ಐವತ್ತನೆಯ ವರ್ಷದಲ್ಲಿ ಭೂಮಿಯು ಮೂಲ ಕುಟುಂಬಕ್ಕೆ ಮರಳುತ್ತದೆ. ಬಡತನದಿಂದಾದ ಮಾರಾಟವು ಶಾಶ್ವತವಾಗಬಾರದೆಂಬ ಈ ತತ್ತ್ವವು ನಮ್ಮ ನಾಡಿನ ಶಾಸನಚರಿತ್ರೆಗೂ ಅಪರಿಚಿತವಲ್ಲ.

ಬಳ್ಳಾರಿ, ಸಿರುಗುಪ್ಪ ಹಾಗೂ ಅಂದು ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಆ ಪ್ರಾಂತ್ಯದ ಚೆಂಗಲ್ಪಟ್ಟು ಜಿಲ್ಲೆಯ ಕಲೆಕ್ಟರ್ ಟ್ರೆಮೆನ್‌ಹೀರ್ 1891ರಲ್ಲಿ ಅಸ್ಪೃಶ್ಯರ ದುಃಸ್ಥಿತಿಯನ್ನು ಕುರಿತು ವರದಿ ಬರೆದರು. ಮಿಷನರಿಗಳಾದ ಆಡಮ್ ಆಂಡ್ರೂ, ವಿಲಿಯಂ ಗೌಡಿಯವರೂ ಅದೇ ಪ್ರಶ್ನೆಯನ್ನೆತ್ತಿದ್ದರು. 1892ರಲ್ಲಿ ಸರಕಾರವು ಅವರಿಗೆ ಭೂಮಿ ನೀಡಲು ಆದೇಶಿಸಿ, ಅದನ್ನು ಪರರಿಗೆ ಮಾರದಂತೆ ನಿರ್ಬಂಧಿಸಿತು.

ಆದರೆ ಷರತ್ತು ಸಾಲವನ್ನು ತಡೆಯಲಿಲ್ಲ. ತುಂಗಭದ್ರೆಯ ಕಾಲುವೆಗಳು ಬಂದ ಮೇಲೆ ಸಿರುಗುಪ್ಪದ ಸುತ್ತ ವಲಸಿಗರ ಕ್ಯಾಂಪುಗಳು ಎದ್ದವು. ಹೊಲಕ್ಕೆ ಬೆಲೆ ಏರಿತು. ಬೆಲೆಯೇರಿದ ಹೊಲವನ್ನು ಬಡವನು ಉಳಿಸಿಕೊಳ್ಳುವುದು ಇನ್ನೂ ಕಷ್ಟ.

ದೇವರಾಜ ಅರಸರ ಸರಕಾರವು ರೂಪಿಸಿದ 1978ರ ಪಿಟಿಸಿಎಲ್ ಕಾಯ್ದೆ 1979ರ ಜನವರಿ 1ರಿಂದ ಜಾರಿಗೆ ಬಂದಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಷರತ್ತು ಮೀರಿ ಮಾರಿದ್ದರೆ, ಆ ಮಾರಾಟ ಕಾಯ್ದೆಗಿಂತ ಮೊದಲೇ ನಡೆದಿದ್ದರೂ, ಅದು ಅಸಿಂಧು. ಭೂಮಿ ಮೂಲ ಮಂಜೂರುದಾರನಿಗೆ ಅಥವಾ ವಾರಸುದಾರರಿಗೆ ಮರಳಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ನ್ಯಾಯಾಲಯವು, ಅರ್ಜಿ ಸಮಂಜಸ ಕಾಲದೊಳಗೆ ಬರಬೇಕೆಂದಿತು. 2023ರಲ್ಲಿ ವಿಧಾನಮಂಡಲವು ಕಾಯ್ದೆಯನ್ನು ತಿದ್ದಿ, ಕಾಲಮಿತಿ ಅನ್ವಯಿಸದೆಂದು ಘೋಷಿಸಿತು.

ವಿವಾದದ ತಿರುಳು ಇಷ್ಟೇ: ಕಾಲವು ಅನ್ಯಾಯವನ್ನು ಹಕ್ಕಾಗಿ ಮಾರ್ಪಡಿಸಬಲ್ಲುದೇ? ಹಣ ತೆತ್ತು ಕೊಂಡು ದಶಕಗಳ ಕಾಲ ಉತ್ತವನ ಅಳಲೂ ಸುಳ್ಳಲ್ಲ. ಆದರೆ ಅರ್ಜಿ ಬರೆಯಲಾರದವನ ಮೌನವನ್ನು ಸಮ್ಮತಿಯೆಂದು ಎಣಿಸುವುದು ನ್ಯಾಯವಲ್ಲ. ಜೂಬಿಲಿಯಲ್ಲಿ ಕಾಲದ ಗಣನೆ ಕಳೆದುಕೊಂಡವನ ಪರವಾಗಿಯೇ ಸಾಗುತ್ತದೆ. ವರ್ಷ ಕಳೆದಷ್ಟೂ ಬಿಡುಗಡೆ ಹತ್ತಿರವಾಗುತ್ತದೆ.

ನಮ್ಮ ಸಭೆಗಳಿಗೆ ಇಲ್ಲಿ ಇನ್ನೊಂದು ಕಠಿಣ ಪರೀಕ್ಷೆಯಿದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಕ್ರೈಸ್ತರಿಗೆ ಸ್ಥಾನವಿಲ್ಲ. ಈ ಕಾಯ್ದೆಯೂ ಅದೇ ಪಟ್ಟಿಯನ್ನು ಅನುಸರಿಸುತ್ತದೆ. ನಮಗೆ ಲಾಭವಿಲ್ಲದ ನ್ಯಾಯಕ್ಕಾಗಿ ನಾವು ಮಾತನಾಡುವೆವೇ? 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಸತ್ಯವೇದವನ್ನು ಕನ್ನಡಕ್ಕೆ ತರಲು ಶ್ರಮಿಸಿದರು. ಅದರಲ್ಲಿನ ಜೂಬಿಲಿಯ ಆಜ್ಞೆಯನ್ನು ಓದುವ ನಾವು, ಉಪವಿಭಾಗಾಧಿಕಾರಿಯ ಕಚೇರಿಯ ಮುಂದೆ ಹಳೆಯ ಮಂಜೂರಾತಿ ಪತ್ರ ಹಿಡಿದು ಕಾದಿರುವವನ ಪಕ್ಕದಲ್ಲಿ ನಿಲ್ಲಲು ಕಲಿಯಬೇಕಾಗಿದೆ.