ಹಳೆಯ ಕತ್ತಿಗೆ ಹೊಸ ಸಾಣೆ

ಆಯುಧಪೂಜೆಯ ಮುನ್ನಾದಿನ ಪೀಣ್ಯದ ಪರಿಚಿತರೊಬ್ಬರು ಅಟ್ಟದಲ್ಲಿದ್ದ ಮನೆತನದ ಕತ್ತಿಯನ್ನು ಕಾರ್ಖಾನೆಯ ಪಾಲಿಶ್ ಚಕ್ರಕ್ಕೆ ಕೊಟ್ಟರು. ಗಳಿಗೆಯೊಳಗೆ ಅದು ಕನ್ನಡಿಯಂತಾಯಿತು. ಹಿಡಿಯ ಬಳಿಯಿದ್ದ ಬಂಗಾರದ ಅಕ್ಷರಗಳು ಮಾತ್ರ ಮಾಯವಾಗಿದ್ದವು. “ಮೇಷ್ಟ್ರೇ, ಅಲ್ಲಿ ಏನು ಬರೆದಿತ್ತು?” ಎಂದು ಆಮೇಲೆ ನನ್ನನ್ನು ಕೇಳಿದರು. ಈಗ ಹೇಳುವವರಾರು?

ಕತ್ತಿಯೂ ಒಂದು ಶಾಸನವೇ. ಇಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ. ಬೆಂಗಳೂರಿನ ಕಾಳಗವೊಂದನ್ನು ಅದು ಹೆಸರಿಸುತ್ತದೆ. ಅಕ್ಷರ ಸವೆದಿದೆಯೆಂದು ಯಾರಾದರೂ ಆ ಕಲ್ಲನ್ನು ಉಜ್ಜಿ ನುಣುಪು ಮಾಡಿದ್ದರೆ, ನಮ್ಮ ಊರ ಹೆಸರಿಗೆ ಬೆಂದ ಕಾಳಿನ ಕಥೆಯೊಂದೇ ಗತಿಯಾಗುತ್ತಿತ್ತು.

ನಮ್ಮ ಸೀಮೆಯ ಉಕ್ಕು ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿತ್ತು. ಕಬ್ಬಿಣದ ತುಂಡನ್ನು ಕಟ್ಟಿಗೆ, ಸೊಪ್ಪುಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಇಂಗಾಲವನ್ನು ಹೀರಿ ಕಬ್ಬಿಣ ಉಕ್ಕಾಗುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಂಥ ಕುಲುಮೆಗಳ ವಿವರವನ್ನು ಬರೆದಿಟ್ಟಿದ್ದಾನೆ. ಆಂಗ್ಲರ ‘ವೂಟ್ಸ್’ ಎಂಬ ಮಾತು ನಮ್ಮ ‘ಉಕ್ಕು’ ಎಂಬುದರಿಂದಲೇ ಹುಟ್ಟಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಇಂಥ ಉಕ್ಕನ್ನು ಹದವಾಗಿ ಬಡಿದು ಮಾಡಿದ ಅಲಗಿನ ಮೇಲೆ ನೀರಿನ ಅಲೆಯಂಥ ರೇಖೆಗಳು ಮೂಡುತ್ತವೆ. ಸಾಣೆ ಹಿಡಿದರೆ ಅವು ಮರೆಯಾಗುತ್ತವೆ. ಅಲೆ ಉಕ್ಕಿನ ಒಡಲಲ್ಲೇ ಇರುವುದರಿಂದ ಬಲ್ಲವರು ಅದನ್ನು ಮತ್ತೆ ಕಾಣಿಸಿಯಾರು. ಮೇಲ್ಮೈಯಲ್ಲಿ ಕೂರಿಸಿದ ಬಂಗಾರದ ಬರಹ ಹೋದರೆ ಹೋದಂತೆಯೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಶಯನಾಗಾರದ ಖಡ್ಗ ಜನರಲ್ ಬೇರ್ಡನ ಕೈಸೇರಿತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಅದು ಬರಿಯ ಉಕ್ಕಿನ ಬೆಲೆಯಲ್ಲ. ಯಾರದು, ಯಾರ ಕೈಗೆ ಹೋಯಿತು ಎಂದು ಹೇಳುವ ಗುರುತುಗಳ ಬೆಲೆ.

ಹಾಗಾದರೆ ತುಕ್ಕು ಹಿಡಿದ ಕತ್ತಿಯನ್ನು ಹಾಗೆಯೇ ಬಿಡಬೇಕೇ? ಬೇಡ. ತುಕ್ಕು ಬೆಳೆಯುವ ರೋಗ, ಅದನ್ನು ತಡೆಯಬೇಕು. ಮೊದಲು ಇದ್ದಂತೆಯೇ ಚಿತ್ರ ತೆಗೆದಿಡಿ. ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಬರಹವಿಲ್ಲದ ಕಡೆ ಹೊಲಿಗೆಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣು, ಉಪ್ಪುಕಾಗದ ಎರಡೂ ಇಲ್ಲಿ ಸಲ್ಲವು. ಹಿಡಿಯನ್ನು ಸಾಮಾನ್ಯವಾಗಿ ಅರಗಿನಿಂದ ಕೂರಿಸಿರುತ್ತಾರೆ. ಬೆಂಕಿಯ ಬಳಿ ಒಯ್ದರೆ ಸಡಿಲವಾದೀತು. ಚರ್ಮದ ಒರೆ ತೇವವನ್ನು ಹಿಡಿದಿಡುವುದರಿಂದ ಕತ್ತಿಯನ್ನೂ ಒರೆಯನ್ನೂ ಬೇರೆಬೇರೆಯಾಗಿ ಇಡುವುದು ಲೇಸು. ಉಳಿದದ್ದನ್ನು ವಸ್ತುಸಂಗ್ರಹಾಲಯದ ತಜ್ಞರಿಗೆ ತೋರಿಸಿ ಮಾಡಿಸಬೇಕು.

ಪರಿಚಿತರ ಕತ್ತಿ ಈಗಲೂ ಪೂಜೆಗೆ ಕೂಡುತ್ತದೆ, ಥಳಥಳನೆ ಹೊಳೆಯುತ್ತದೆ. ಆದರೆ ಅದನ್ನು ಹಿಡಿದವನಾರೆಂದು ಮೊಮ್ಮಕ್ಕಳು ಕೇಳಿದಾಗ ಅಜ್ಜನ ಬಳಿ ಉತ್ತರವಿಲ್ಲ. ನಿಮ್ಮ ಅಟ್ಟದಲ್ಲೂ ಅಂಥದೊಂದು ಇದ್ದೀತು. ಬೆಳಗುವ ಮುನ್ನ ಒಮ್ಮೆ ಓದಿಸಿ ನೋಡಿ.